ಮೂರು ಸಲ ಬಿದ್ದ ಹೂಗುಚ್ಛ

ಮದುಮಗಳು ಎಸೆದ ಹೂಗುಚ್ಛ ಯಾರ ಕೈ ಸೇರಬೇಕೆಂಬುದನ್ನು ಕೊರಿಯಾದ ರಾಜಧಾನಿ ಸೋಲ್‌ನಲ್ಲಾಗಲಿ ನಮ್ಮ ಊರು ಗುನ್ಸಾನ್‌ನಲ್ಲಾಗಲಿ ಅದೃಷ್ಟಕ್ಕೆ ಬಿಡುವುದಿಲ್ಲ. ಮದುವೆ ಗೊತ್ತಾಗಿರುವ ಗೆಳತಿಯೊಬ್ಬಳಿಗೆ ಮೊದಲೇ ಹೇಳಿಟ್ಟಿರುತ್ತಾರೆ. ಹಿಡಿದವಳಿಗೆ ಆರು ತಿಂಗಳೊಳಗೆ ಮದುವೆಯಾಗದಿದ್ದರೆ ಇನ್ನು ಮೂರು ವರ್ಷ ಆಗುವುದೇ ಇಲ್ಲವಂತೆ. ಅಂಥ ರಿಸ್ಕ್ ಸುಮ್ಮನೆ ಯಾರು ತಗೊಳ್ಳುತ್ತಾರೆ?

ಸೊಲ್ಮಿಯ ಮದುವೆಯ ದಿನ ಆ ಗೆಳತಿಗೆ ಜ್ವರ ಬಂದು ಅವಳ ಬದಲಿಗೆ ಬೊರಾಂ ಸಿಕ್ಕಿಬಿದ್ದಳು.

"ಪ್ಲೀಸ್ ಅಕ್ಕಾ! ನಿಂಗೆ ಹೇಗೂ ಮೂವತ್ನಾಲ್ಕು. ಇನ್ನು ಮೂರು ವರ್ಷ ಹೋದ್ರೆ ಏನು ವ್ಯತ್ಯಾಸ?" ಎಂದಳು ಮದುಮಗಳು ಸೊಲ್ಮಿ. ಚಿಕ್ಕಮ್ಮನ ಮಗಳು, ಪ್ರೀತಿಯಿಂದಲೇ ಹೇಳಿದ್ದು.

ಬೊರಾಂ ವೇದಿಕೆಯ ಮುಂದೆ ನಿಂತಾಗ ಫೋಟೊಗ್ರಾಫರನ ಕ್ಯಾಮೆರಾ ಕೆಳಗಿಳಿದು ಅದರ ಹಿಂದಿನ ಮುಖ ಕಂಡಿತು. ಮುಯೊಲ್.

ಎಂಟು ವರ್ಷದ ಹಿಂದೆ ಅವಳನ್ನು ಮದುವೆಗೆ ಕೇಳಿದಾಗ ಅವನ ಹತ್ತಿರ ಇದ್ದದ್ದು ಒಂದು ಹಳೇ ಕ್ಯಾಮೆರಾ ಮಾತ್ರ. "ಫೋಟೊ ತಿಂದು ಬದುಕ್ತೀಯೇನೇ?" ಎಂದಿದ್ದಳು ಚಿಕ್ಕಮ್ಮ. ತಾಯಿಯಿಲ್ಲದ ಬೊರಾಂ ಆ ಮಾತಿಗೆ ತಲೆಬಾಗಿ ಅವನನ್ನು ಒಲ್ಲೆನೆಂದಳು. ಜಾಣೆ ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆಯ ಸುಖ ಒಂದು ವಾರ ಬಾಳಿತು.

"ಓ, ಹಿಡಿಯೋರು ನೀವಾ? ಅಭಿನಂದನೆಗಳು," ಎಂದ ಅವನು, ಗಿರಾಕಿಗಳಿಗೆಂದು ಇಟ್ಟುಕೊಂಡ ದನಿಯಲ್ಲಿ. ಕಣ್ಣು ಮಾತ್ರ ಅವಳ ಬೆರಳಲ್ಲಿ ಉಂಗುರ ಹುಡುಕುತ್ತಿತ್ತು.

ಅಲ್ಲವೆನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಹೂ ಹಾರಿ ಬಂತು. ಬಿತ್ತು.

"ಪರವಾಗಿಲ್ಲ, ಇನ್ನೊಂದ್ಸಲ," ಎಂದ ಮುಯೊಲ್.

ಮತ್ತೆ ಬಿತ್ತು.

"ಕೈಗೆ ಎಳ್ಳೆಣ್ಣೆ ಹಚ್ಕೊಂಡಿದೀಯೇನೇ?" ಚಿಕ್ಕಮ್ಮ ಮುಂದಿನ ಸಾಲಿನಿಂದ ಗದರಿದಳು. ಬಾಗಿಲಲ್ಲಿ ಮುಂದಿನ ಮದುವೆಯವರು ಗಡಿಯಾರ ನೋಡುತ್ತಿದ್ದರು. ಮೂರನೆಯ ಸಲ ಬೊರಾಂ ಕೈ ಚಾಚಲೇ ಇಲ್ಲ.

ಹೂ ಎತ್ತಿಕೊಳ್ಳಲು ಮುಯೊಲ್ ಅವಳ ಕಾಲ ಬಳಿ ಬಗ್ಗಿದ.

"ಮದುವೆ ಇಷ್ಟ ಇಲ್ವಾ? ಹುಡುಗ ಯಾರು?" ಪಿಸುಗುಟ್ಟಿದ.

"ಹುಡುಗನೇ ಇಲ್ಲ. ಜ್ವರ ಬಂದೋಳ ಬದಲಿಗೆ ನಿಂತಿದೀನಿ."

ಅವನ ಕಿವಿ ಕೆಂಪಾಯಿತು. "ಮತ್ಯಾಕೆ ಬೀಳಿಸ್ತಿದೀರಿ?"

"ಹಿಡಿದ್ರೆ ಫೋಟೊ ಮುಗಿಯುತ್ತೆ. ನೀವು ಹೊರಟೋಗ್ತೀರಿ."

ದನಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಮುಂದಿನ ಸಾಲಿನಲ್ಲಿ ಚಿಕ್ಕಮ್ಮ ಎದ್ದು ನಿಂತಳು.

"ಬೊರಾಂ!"

"ಚಿಕ್ಕಮ್ಮಾ, ಈ ಸಲ ನಾನು ನಿಮ್ಮನ್ನ ಕೇಳಿಲ್ಲ."

ಮುಯೊಲ್ ಹೂವನ್ನು ಮದುಮಗಳಿಗೆ ಮರಳಿಸಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಬೊರಾಂಳ ಮುಂದೆ ಚಾಚಿದ.

"ಎಲ್ಲೂ ಹೋಗಲ್ಲ. ತಗೋ."

ಅವಳು ತೆಗೆದುಕೊಂಡಳು. ಸೊಲ್ಮಿಯ ಆಲ್ಬಂನಲ್ಲಿ ಆ ಗಳಿಗೆಯ ಫೋಟೊ ಒಂದೂ ಇಲ್ಲ. ತೆಗೆಯಬೇಕಾದವನ ಕೈ ಬಿಡುವಾಗಿರಲಿಲ್ಲ.