ಬಿಳಿ ಚೀಟಿಯ ಪ್ಲೇಟು

"ಕವರ್ ಇದೆ. ಪ್ಲೇಟಿಲ್ಲ."

ಪ್ಲೇಟಜ್ಜ ಬೆಳಗ್ಗೆ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ಇಷ್ಟೇ ಹೇಳಿದರು. ಕೈಯಲ್ಲಿ ಖಾಲಿ ರಟ್ಟಿನ ಕವರು, ಕಾಲಲ್ಲಿ ಬೇರೆ ಬೇರೆ ಜೊತೆಯ ಚಪ್ಪಲಿ. ನನ್ನದು ಕನ್ನಡಕದ ಅಂಗಡಿ. ಮೇಲಿನ ಎರಡು ಕೋಣೆಗಳಲ್ಲಿ ಅವರ ಬಿಡಾರ. ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದ ಮನುಷ್ಯ, ಗೋಡೆ ತುಂಬ ಗ್ರಾಮಫೋನ್ ಪ್ಲೇಟು ಜೋಡಿಸಿಕೊಂಡು ಒಬ್ಬರೇ ಇದ್ದಾರೆ. ಹೆಸರು ಬೀದಿಯವರು ಇಟ್ಟದ್ದು.

"ಯಾವ ಪ್ಲೇಟು?"

"ಅವಳದು."

ಅವಳೆಂದರೆ ತೀರಿಹೋದ ಹೆಂಡತಿ. ಚಿಕಿತ್ಸೆಗೆಂದು ದೂರದ ಊರಿಗೆ ಹೊರಡುವ ಮುಂಚೆ ಆಕೆ ಒಂದು ಸ್ಟುಡಿಯೋಗೆ ಹೋಗಿ ತನ್ನ ಮಾತನ್ನೇ ಪ್ಲೇಟು ಮಾಡಿಸಿಟ್ಟಿದ್ದಳು. ಜಗತ್ತಿಗೆಲ್ಲ ಒಂದೇ ಪ್ರತಿ. ನಡುವೆ ಅಂಟಿಸಿದ ಬಿಳಿ ಚೀಟಿಯ ಮೇಲೆ ಒಂದಕ್ಷರವೂ ಇಲ್ಲ. ಆಕೆ ತಿರುಗಿ ಬರಲಿಲ್ಲ. ದಿನಾ ಸಂಜೆ ಪ್ಲೇಟು ಮಾತ್ರ ತಿರುಗುತ್ತಿತ್ತು. ಕೆಳಗೆ ನನಗೆ ಮಾತು ತಿಳಿಯದು, ಬರೀ ಗುಣುಗುಣು ಕೇಳಿಸುತ್ತಿತ್ತು. ನಿಜ ಹೇಳುತ್ತೇನೆ, ನನಗೂ ಅದು ಅಭ್ಯಾಸವಾಗಿತ್ತು. ಮದುವೆಯಾಗದೆ ಉಳಿದವನಿಗೆ ಸಂಜೆ ಹೊತ್ತು ಒಂದು ಹೆಣ್ಣುದನಿ ಕೇಳಿಸಿದರೆ ಯಾರದಾದರೇನು?

ಅಕ್ಕನಿಗೆ ಫೋನ್ ಮಾಡಿದೆ. ನನ್ನಕ್ಕ ಪೊಲೀಸ್ ಇಲಾಖೆಯಲ್ಲಿ ಕಳ್ಳರನ್ನು ಹಿಡಿಯುತ್ತಲೇ ತಲೆ ನರೆಸಿಕೊಂಡವಳು. ನಿವೃತ್ತಳಾದರೂ ಮೂಗಿನ ತುದಿಯ ಕೋಪ ನಿವೃತ್ತವಾಗಿಲ್ಲ.

"ಒಂದು ಪ್ಲೇಟು ಹೋಯ್ತು ಅಂತ ನಾನು ಬರಬೇಕೇನೋ?" ಎಂದು ಗದರಿದಳು. ಆದರೂ ಬಂದಳು.

ಮೇಲಿನ ಕೋಣೆಯಲ್ಲಿ ಬೀಗ ಸರಿಯಾಗಿತ್ತು. ಕಿಟಕಿ ಭದ್ರವಾಗಿತ್ತು. ಪ್ಲೇಯರ್ ಮೇಜಿನ ಮೇಲೇ ಇತ್ತು.

"ಕೊನೇ ಸಲ ನೋಡಿದ್ದು ಯಾವಾಗ?"

"ಮೊನ್ನೆ ಸಂಜೆ ಹಾಕಿದ್ದೆ. ನಿನ್ನೆ ಹಗಲೆಲ್ಲ ಆಸ್ಪತ್ರೆ ಕ್ಯೂನಲ್ಲಿ ನಿಂತಿದ್ದು, ಬಂದವನೇ ಮಲಗಿಬಿಟ್ಟೆ. ಬೆಳಗ್ಗೆ ನೋಡಿದ್ರೆ—ಇಲ್ಲ."

"ಏನೂ ಮುಟ್ಟಿಲ್ಲ ತಾನೆ?"

"ಬೇರೆ ಒಂದು ಪ್ಲೇಟು ಹಾಕಿದೆ. ಸುಮ್ಮನೆ ಕೂರೋಕಾಗಲಿಲ್ಲ. ಅದೂ ಕರಕರ ಅಂತು. ಮನಸ್ಸು ಕೆಟ್ಟಾಗ ಕಿವಿಯೂ ಕೆಡುತ್ತೋ ಏನೋ."

"ಮನೆಗೆ ಬರೋರು ಯಾರ್ಯಾರು?"

"ಗುಡಿಸಿ ಒರೆಸೋಕೆ ಒಬ್ಬ ಹೆಂಗಸು. ಅವಳ ಹತ್ರ ಕೀ ಇದೆ. ಆಮೇಲೆ ಆ ಹಳೇ ಪ್ಲೇಟಿನ ವ್ಯಾಪಾರಿ. ಮಾರಿ, ಮಾರಿ ಅಂತ ಪ್ರಾಣ ತಿಂತಾನೆ."

"ಅಷ್ಟೇನಾ?"

"ಅಷ್ಟೇ."

"ಮಗಳು?" ಎಂದು ನಾನೇ ನೆನಪಿಸಿದೆ.

"ಹೂಂ, ಭಾನುವಾರ ಬಂದು ಅಡುಗೆ ಮಾಡಿಟ್ಟು ಹೋಗ್ತಾಳೆ. ಅವಳ ಹತ್ರಾನೂ ಒಂದು ಕೀ ಇದೆ."

ಅಕ್ಕ ಕಪಾಟಿನ ಮುಂದೆ ಕುರ್ಚಿ ಎಳೆದುಕೊಂಡಳು. ಒಂದು ಪ್ಲೇಟು ಎಳೆದು, "ಇದು?" ಎಂದಳು. ಪ್ಲೇಟಜ್ಜನ ಮುಖ ಬೇರೆಯೇ ಆಯಿತು.

"ಇದು ಕವರಿನ ಮೇಲಿನ ಚಿತ್ರ ನೋಡಿ ಕೊಂಡಿದ್ದು. ಸ್ಯಾಕ್ಸೊಫೋನ್. ನಮ್ಮವಳು ಕೇಳಿ, ಬಿಸಿ ಹಾಲು ಊದ್ತಾ ಇದಾನೇನ್ರೀ ಈ ಪುಣ್ಯಾತ್ಮ ಅಂದಿದ್ಲು. ಈಗ್ಲೂ ಹಾಕಿದ್ರೆ ನಗು ಬರುತ್ತೆ. ಜೊತೆಗೆ ನಗೋಕೆ ಯಾರೂ ಇಲ್ಲ, ಅಷ್ಟೇ."

"ಇದು?"

"ಇದರ ಮೂರನೇ ಹಾಡು ಒಂದು ಕಡೆ ಸಿಕ್ಕಿಹಾಕ್ಕೊಳ್ಳುತ್ತೆ. ಅವಳು ಅಡುಗೆಮನೆಯಿಂದ ಓಡಿಬಂದು ಬೆರಳಲ್ಲಿ ಮೆಲ್ಲಗೆ ತಟ್ಟೋಳು. ಈಗ ನಾನು ಏಳೋಷ್ಟರಲ್ಲಿ ಅದೇ ಸಾಲು ಹತ್ತು ಸಲ ಆಗಿರುತ್ತೆ. ಒಂದೊಂದ್ಸಲ ಏಳೋದೇ ಇಲ್ಲ."

"ಇದರ ಪ್ಲಾಸ್ಟಿಕ್ಕೇ ಬಿಚ್ಚಿಲ್ಲವಲ್ಲ?"

"ಅವಳು ಆಸ್ಪತ್ರೆಯಿಂದ ಬಂದ ಮೇಲೆ ಬಿಚ್ಚೋಣ ಅಂತ ತಂದಿದ್ದೆ."

ಹೀಗೇ ಒಂದಾದ ಮೇಲೊಂದು. ಕಳ್ಳನನ್ನು ಹಿಡಿಯಲು ಬಂದವಳು ಕಥೆ ಕೇಳುತ್ತ ಕೂತರೆ ಹೇಗೆ? ಕೆಳಗೆ ಗಿರಾಕಿಗಳು ಕಾಯುತ್ತಿದ್ದರು. ನಾನು ಎರಡು ಸಲ ಕೆಮ್ಮಿದೆ.

"ನೆಗಡಿ ಆಗಿದ್ರೆ ಹೊರಗೆ ನಿಲ್ಲು," ಎಂದಳು ಅಕ್ಕ.

ಅಷ್ಟರಲ್ಲಿ ಕೆಲಸದಾಕೆ ಬಂದಳು.

"ಆ ಮಿಷಿನ್ ಮುಚ್ಚಳ ಬಿಟ್ಟು ಬೇರೇನೂ ಮುಟ್ಟಲ್ಲಮ್ಮ. ಮುಟ್ಟಿದ್ರೆ ಅಜ್ಜ ಉಳಿಸ್ತಾರಾ? ನಿನ್ನೆ ಅಜ್ಜ ಹೋದ ಮೇಲೆ ಆ ವ್ಯಾಪಾರಿ ಬಂದಿದ್ದ. ನಾನು ನೆಲ ಒರೆಸ್ತಿದ್ದೆ. ಕಪಾಟು ನೋಡ್ಕೊಂಡು ನಿಂತಿದ್ದು, ಆಮೇಲೆ ಹೋದ."

ನನಗೆ ಅಷ್ಟೇ ಸಾಕಾಗಿತ್ತು. ಇಬ್ಬರೂ ವ್ಯಾಪಾರಿಯ ಅಂಗಡಿಗೆ ಹೋದೆವು. ಪ್ಲೇಟು ಎನ್ನುವ ಮಾತು ನಮ್ಮ ಬಾಯಿಂದ ಬರುವ ಮುಂಚೆಯೇ, "ನಾನೇನೂ ತಗೊಂಡಿಲ್ಲ!" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಕ್ಕನ ಮುಖ ನೋಡಿದೆ. ಅವಳು ಅವನ ಮೇಜಿನ ಮೇಲಿದ್ದ ಪ್ಲೇಯರ್ ನೋಡುತ್ತಿದ್ದಳು.

"ಬಿಳಿ ಚೀಟಿ ಪ್ಲೇಟು ನಿನಗೆ ಬೇಡವಾ?"

"ಯಾರು ಹಾಡಿದ್ದು ಅಂತ ಗೊತ್ತಿಲ್ಲದ ಪ್ಲೇಟು ಯಾರಮ್ಮ ಕೊಳ್ತಾರೆ? ನಂಗೆ ಬೇಕಿರೋದು ಆ ಪ್ಲಾಸ್ಟಿಕ್ ಬಿಚ್ಚದೇ ಇರೋದು. ಅದು ಅಲ್ಲೇ ಇದ್ಯಲ್ಲ?"

ಅದು ಅಲ್ಲೇ ಇತ್ತು.

"ಈ ಸೂಜಿ ಪಕ್ಕ ಇರೋ ಪುಟ್ಟ ಹಿಡಿ ಯಾಕೆ?" ಎಂದು ಅಕ್ಕ ಕೇಳಿದಳು. ಅವನು ತೋರಿಸಿದ, ಅವಳು ನೋಡಿದಳು. ನಾನು ಅವನ ಮುಖದ ಬೆವರನ್ನಷ್ಟೇ ನೋಡಿದೆ. ಬೀದಿಗೆಲ್ಲ ಕನ್ನಡಕ ಕೊಡುವವನ ಕಣ್ಣು ಇಷ್ಟೇ.

ವಾಪಸ್ ಬರುತ್ತ ಅಕ್ಕ ನನ್ನ ಅಂಗಡಿಯಿಂದ ಭೂತಕನ್ನಡಿ ಎತ್ತಿಕೊಂಡು ಮೇಲೆ ಹೋದಳು. ಪ್ಲೇಯರಿನ ಮೇಲೆ ಬಗ್ಗಿ ನೋಡಿ, "ಮಗಳನ್ನ ಕರೀರಿ," ಎಂದಳು.

ಮಗಳು ಮಧ್ಯಾಹ್ನ ಬಂದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಕೊರಳಲ್ಲಿ ಇನ್ನೂ ಗುರುತಿನ ಚೀಟಿ ತೂಗುತ್ತಿತ್ತು. ಬಾಗಿಲ ಬಳಿಯ ಸ್ಟೂಲಿನ ಮೇಲೆ, ಕರೆದರೆ ಎದ್ದು ಹೋಗುವವಳ ಹಾಗೆ ಕೂತಳು.

"ಈ ಸೂಜಿಗೆ ಎರಡು ಮುಖ," ಅಕ್ಕ ಶುರುಮಾಡಿದಳು. "ಸಣ್ಣ ಮುಖ ಈ ಕಪಾಟಿನ ಪ್ಲೇಟುಗಳಿಗೆ. ದಪ್ಪ ಮುಖ ಜೋರಾಗಿ ತಿರುಗೋ ಹಳೇ ಥರದ ಪ್ಲೇಟಿಗೆ. ಯಜಮಾನ್ರೆ, ಅಂಥ ಪ್ಲೇಟು ನಿಮ್ಮಲ್ಲಿ ಎಷ್ಟಿವೆ?"

"ಒಂದೇ. ಅವಳದು."

"ಮೊನ್ನೆ ಅದು ಮುಗಿದ ಮೇಲೆ ಸೂಜಿ ವಾಪಸ್ ತಿರುಗಿಸಿದ್ರಾ?"

"ತಿರುಗಿಸದೆ ಮಲಗಲ್ಲ. ಅದು ರೂಢಿ."

"ಹಾಗಾದ್ರೆ ಈಗ ದಪ್ಪ ಮುಖ ಯಾಕೆ ಕೆಳಗಿದೆ?"

ಪ್ಲೇಟಜ್ಜ ಎದ್ದು ಬಂದು ಬಗ್ಗಿದರು.

"ಬೆಳಗ್ಗೆ ಕರಕರ ಅಂದಿದ್ದು ಇದಕ್ಕೇ. ನಿಮ್ಮ ಕಿವಿ ಕೆಟ್ಟಿಲ್ಲ. ನಿನ್ನೆ ಆ ಪ್ಲೇಟನ್ನ ಯಾರೋ ಮೊದಲು ಇಲ್ಲೇ ಕೇಳಿದಾರೆ, ಆಮೇಲೆ ತಗೊಂಡಿದಾರೆ. ವ್ಯಾಪಾರಿ ಆಗಿದ್ರೆ ಸೂಜಿ ಹೀಗೆ ಬಿಡ್ತಿರಲಿಲ್ಲ, ಅದು ಅವನ ಹೊಟ್ಟೆಪಾಡು. ಕೆಲಸದವಳಿಗೆ ಸೂಜಿಗೆ ಎರಡು ಮುಖ ಅಂತಾನೇ ಗೊತ್ತಿಲ್ಲ. ಇದು ಅರ್ಧ ಕೆಲಸ ಗೊತ್ತಿರೋರು ಮಾಡಿದ್ದು. ಹಾಕೋದನ್ನ ನೋಡಿದಾರೆ, ತೆಗೆಯೋದನ್ನ ನೋಡಿಲ್ಲ. ಅಂದ್ರೆ ಸೂಜಿ ತಿರುಗಿಸೋ ತನಕ ಈ ಕೋಣೇಲಿ ಇದ್ದು, ಅಷ್ಟರಲ್ಲಿ ಹೊರಗೆ ಹೋಗು ಅನ್ನಿಸಿಕೊಂಡೋರು. ಯಾರು ಅವರು?"

ಮಗಳು ಕೊರಳ ಗುರುತಿನ ಚೀಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಇನ್ನೊಂದು ವಿಷಯ," ಅಕ್ಕನ ದನಿ ತಗ್ಗಿತು. "ಬೆಳಗ್ಗೆ ನೀವು ಅಷ್ಟೊಂದು ಪ್ಲೇಟಿನ ಕಥೆ ಹೇಳಿದ್ರಿ. ಹೆಂಡತಿ ಎಲ್ಲದರಲ್ಲೂ ಬಂದ್ರು. ಮಗಳು ಒಂದರಲ್ಲೂ ಬರಲಿಲ್ಲ. ಈ ಮನೇಲಿ ಕಳ್ಳತನ ಮಾಡೋಷ್ಟು ಸಂಕಟ ಯಾರಿಗಿದೆ ಅಂತ ನನಗೆ ಆಗಲೇ ಅನಿಸಿತ್ತು. ಸೂಜಿ ಬರೀ ಸಾಕ್ಷಿ."

"ಕದ್ದಿಲ್ಲ," ಎಂದಳು ಮಗಳು. "ನಂದೇ ಅದು."

"ಏನಂದೆ?" ಪ್ಲೇಟಜ್ಜ ತಿರುಗಿದರು.

"ಪುಟ್ಟೀ, ಊಟ ಮಾಡಿದ್ಯಾ ಅಂತ ಶುರು ಮಾಡ್ತಾಳೆ ಅಮ್ಮ. ನಿನ್ನೆ ಪೂರ್ತಿ ಕೇಳಿದೆ ಅಪ್ಪ. ಕತ್ತಲಾದ್ರೆ ಹೆದರಬೇಡ ಅಂತಾಳೆ, ಜಡೆ ಹಾಕೋಕೆ ಅಪ್ಪಂಗೆ ಬರಲ್ಲ, ನೀನೇ ಕಲಿ ಅಂತಾಳೆ. ಎಲ್ಲಾ ನನಗೆ ಹೇಳಿರೋದು. ಇಷ್ಟು ವರ್ಷ ಅದನ್ನ ನೀನು ಕೇಳ್ತಾ ಕೂತೆ."

"ಹಾಕಿದಾಗಲೆಲ್ಲ ನೀನು ಅತ್ತೂ ಅತ್ತೂ ಜ್ವರ ಬರಿಸ್ಕೊಳ್ತಿದ್ದೆ. ಅದಕ್ಕೇ ಹೊರಗೆ ಕಳಿಸ್ತಿದ್ದೆ."

"ಆಗ ನಂಗೆ ಐದು ವರ್ಷ. ಈಗ ನಲವತ್ತು."

"ಕೇಳಬೇಕು ಅಂತ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ. ನೀನೇ ಪ್ಲೇಟು ಸವೆಯುತ್ತೆ ಅಂದೆ."

ಪ್ಲೇಟಜ್ಜ ಕುರ್ಚಿಯಲ್ಲಿ ಕುಸಿದರು. ನನಗೆ ಆ ಕೋಣೆಯಲ್ಲಿ ನಿಲ್ಲುವುದೇ ಕಷ್ಟವಾಯಿತು. ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನಿಸಿತು.

ಅಕ್ಕ ಭೂತಕನ್ನಡಿಯನ್ನು ನನ್ನ ಕೈಗಿತ್ತಳು. "ನನ್ನ ಕೆಲಸ ಮುಗೀತು. ತಗೊಂಡೋರು ಯಾರು ಅಂತ ಹೇಳಿದೀನಿ. ಕದ್ದೋರು ಯಾರು ಅನ್ನೋದನ್ನ ಅಪ್ಪ ಮಗಳು ಮಾತಾಡ್ಕೊಳ್ಳಿ."

ನಾವು ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಪ್ಲೇಟಜ್ಜನ ದನಿ ಬಂತು.

"ನಿನ್ನ ಹತ್ರ ಪ್ಲೇಯರ್ ಇದ್ಯಾ?"

"ಇಲ್ಲ."

"ಮತ್ತೆ ಪ್ಲೇಟು ಇಟ್ಕೊಂಡು ಏನು ಮಾಡ್ತೀಯ?"

"ಏನೂ ಇಲ್ಲ. ನನ್ನ ಹತ್ರ ಇದೆ, ಅಷ್ಟೇ."

ಪ್ಲೇಟಜ್ಜ ಎದ್ದು ಗೋಡೆಯಿಂದ ಪ್ಲಗ್ ಕಿತ್ತರು. ವೈರನ್ನು ನಿಧಾನವಾಗಿ ಸುತ್ತಿ, ಮುಚ್ಚಳ ಹಾಕಿ, ಪ್ಲೇಯರನ್ನು ಎರಡೂ ಕೈಯಿಂದ ಎತ್ತಿ ಮಗಳ ಮುಂದೆ ಹಿಡಿದರು.

"ತಗೊಂಡು ಹೋಗು."

ಅವಳು ಕೈ ಚಾಚಲಿಲ್ಲ. "ಭಾರ ಇದೆ. ಬಸ್ಸಲ್ಲಿ ನನ್ನೊಬ್ಬಳ ಕೈಲಿ ಆಗಲ್ಲ. ನೀನೂ ಬಾ."

ಅವರು ಪ್ಲೇಯರನ್ನು ಎದೆಗೊತ್ತಿ ಹಿಡಿದುಕೊಂಡರು.

"ನಿಮ್ಮನೆ ಎಷ್ಟನೇ ಮಹಡಿ?"

"ಮೂರನೇದು," ಎಂದಳು ಮಗಳು. "ಹತ್ತು ವರ್ಷದಿಂದ ಅಲ್ಲೇ ಇದೀನಿ ಅಪ್ಪ."