ಬಿರಡೆ ತೆಗೆಯದ ರಕ್ತ

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಠಾಣೆಯ ಮೆಟ್ಟಿಲೇರಿ ಬಂದವಳು ಬಟ್ಟೆ ಹೊಲಿಯುವ ಹೆಂಗಸು. ಅವಳ ಅಕ್ಕನಿಗೆ ಮೊಲೆಯಲ್ಲಿ ಗಂಟು ಕಂಡಿತ್ತು. ರಕ್ತ ಪರೀಕ್ಷಿಸಿದ ಲ್ಯಾಬಿನವನು 'ಕ್ಯಾನ್ಸರಿನ ಗುರುತಿಲ್ಲ' ಎಂದು ಬರೆದುಕೊಟ್ಟ. ಅದನ್ನು ನಂಬಿ ಅಕ್ಕ ಗಂಟಿನ ಸೂಜಿ ಪರೀಕ್ಷೆಗೆ ಹೋಗಲಿಲ್ಲ. ಈಗ ರೋಗ ಕಂಕುಳಿಗೆ ಹಬ್ಬಿತ್ತು.

"ಪರೀಕ್ಷೇಲಿ ತಪ್ಪಾಗೋದು ಉಂಟಲ್ಲಮ್ಮ?" ಎಂದರು ಇನ್‌ಸ್ಪೆಕ್ಟರ್.

"ತಪ್ಪಾಗಿದ್ರೆ ಹಣೆಬರಹ ಅಂತಿದ್ದೆ ಸಾರ್. ಅಕ್ಕನ ಜೊತೆ ಹೋಗಿದ್ದ ಪಕ್ಕದ್ಮನೆಯೋರ ವರದೀಲೂ ಅವೇ ಅಂಕಿ, ಚುಕ್ಕಿ ಸಮೇತ. ಇಬ್ಬರ ರಕ್ತಾನೂ ಒಂದೇ ಅಚ್ಚಲ್ಲಿ ಎರಕ ಹೊಯ್ದಿದಾರಾ?"

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇನ್‌ಸ್ಪೆಕ್ಟರ್ ಸಾಕ್ಷಿಗೆಂದು ಇಬ್ಬರು ಪಂಚರನ್ನೂ ಸರ್ಕಾರಿ ಆಸ್ಪತ್ರೆಯ ವೈದ್ಯೆಯನ್ನೂ ಕರೆದುಕೊಂಡು ಲ್ಯಾಬಿಗೆ ಹೋದರು. ವೈದ್ಯೆ ಫ್ರಿಜ್ಜಿನ ಬಾಗಿಲು ತೆರೆದು ನಿಂತುಬಿಟ್ಟರು. ಸಾಲುಸಾಲು ರಕ್ತದ ನಳಿಕೆಗಳು. ಒಂದರ ಬಿರಡೆಯೂ ತೆಗೆದಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿ ಕರ್ರಗಾಗಿತ್ತು. ದೂರು ಕೊಟ್ಟವಳ ಅಕ್ಕನದೂ ಅಲ್ಲೇ ಇತ್ತು.

"ರಕ್ತವನ್ನ ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಲ್ಲೋ ತಿಳಿ ತೆಗೆದು ಗುರುತು ಹುಡುಕಬೇಕು. ಇವನು ಮುಟ್ಟೇ ಇಲ್ಲ, ಯಂತ್ರಾನೂ ಕೆಟ್ಟು ನಿಂತಿದೆ. ಸರಿಯಾಗಿ ಮಾಡಿದ್ರೂ ಗಂಟಿದ್ದೋರಿಗೆ ಸೂಜಿ ಪರೀಕ್ಷೆ ತಪ್ಪಿಸೋ ಹಾಗಿಲ್ಲ," ಎಂದರು ವೈದ್ಯೆ.

"ಒಡವೆ ಅಂಗಡಿ ಥರ ಜೋಡಿಸಿದಾನೆ ಸಾರ್," ಎಂದು ಜೊತೆಗೆ ಬಂದಿದ್ದ ಮೀಸೆಯ ಪೇದೆ ಗೊಣಗಿದ.

ಇನ್‌ಸ್ಪೆಕ್ಟರ್ ಲ್ಯಾಬಿನವನತ್ತ ತಿರುಗಿದರು. "ಯಂತ್ರ ಕೆಟ್ಟಿದ್ದು ಯಾವಾಗ?"

"ಹೋದ ವರ್ಷ. ಇವತ್ತು ನಾಳೆ ರಿಪೇರಿ ಆಗುತ್ತೆ ಅಂತ..."

"ಇವನ್ನ ಯಾಕೆ ಇಟ್ಕೊಂಡೆ?"

"ಚೆಲ್ಲೋಕೆ ಮನಸ್ಸು ಬರಲಿಲ್ಲ. ಮನುಷ್ಯರ ರಕ್ತ ಅಲ್ವಾ ಸಾರ್."

ಎಂದೂ ದನಿ ಏರಿಸದ ಇನ್‌ಸ್ಪೆಕ್ಟರ್ ಮೇಜು ಗುದ್ದಿದರು. "ಚರಂಡಿಗೆ ಚೆಲ್ಲೋಕೆ ಅಳುಕು. ಬದುಕಿರೋರ ಕತ್ತು ಕುಯ್ಯೋಕೆ ಇಲ್ಲ."

ಪಂಚನಾಮೆಯಾಗಿ ನಳಿಕೆಗಳ ಜಪ್ತಿ ಆಯಿತು. ಅವುಗಳ ಚೀಟಿಯಲ್ಲಿ ಫೋನ್ ನಂಬರುಗಳಿದ್ದವು. "ಒಬ್ಬೊಬ್ಬರಿಗೂ ಫೋನ್ ಮಾಡಿ. ವರದಿ ಸುಳ್ಳು, ಇವತ್ತೇ ಡಾಕ್ಟರ್ ಹತ್ರ ಹೋಗಿ ಅನ್ನಿ," ಎಂದು ಇನ್‌ಸ್ಪೆಕ್ಟರ್ ಇಬ್ಬರು ಮಹಿಳಾ ಪೇದೆಗಳನ್ನು ಕೂರಿಸಿದರು.

ಸಂಜೆ ಬಂಧನವಾಯಿತು. ಹೇಳಿಕೆಯಲ್ಲಿ ಅವನು ಬರೆಸಿದ್ದು ಇಷ್ಟು: ಮೊದಲ ಸುಳ್ಳು ದಿಕ್ಕು ತೋಚದೆ ಆದದ್ದು. 'ಏನಿಲ್ಲಮ್ಮ' ಅಂದಾಗ, ಹೆದರಿ ಬಂದಿದ್ದ ಯಾರೋ ಹೆಂಗಸು ಕಣ್ಣೀರಿಟ್ಟು ಹರಸಿ ಹೋದಳು. ಆಮೇಲೆ ಆ ಹಾರೈಕೆಯ ರುಚಿ ಹತ್ತಿತು.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ತಂಗಿಗೆ ಇನ್‌ಸ್ಪೆಕ್ಟರ್ ಅದನ್ನು ಹೇಳಿದರು.

"ನಮ್ಮಕ್ಕಾನೂ ಹರಸಿ ಬಂದಿದ್ಲು ಸಾರ್. ನೂರು ವರ್ಷ ಬಾಳಪ್ಪ ಅಂತ."