ಹಿಮವಾಸದಲ್ಲಿ ಒಂದು ಚಮಚ ಹೆಪ್ಪು

‘ಹಿಮವಾಸ’ ಎಂಬ ಆಟದ ಉಗ್ರಾಣಗಳಲ್ಲಿ ಮೂರನೆಯ ದಿನಕ್ಕೆ ಮಾಂಸ ನಾರುತ್ತಿತ್ತು, ಆರನೆಯ ಗಂಟೆಗೆ ಹಾಲು ಒಡೆಯುತ್ತಿತ್ತು. ಹಳೆಯ ಆಟಗಳಲ್ಲಿ ಹೀಗಿರಲಿಲ್ಲ. ಪೆಟ್ಟಿಗೆಗೆ ತುರುಕಿದ ರೊಟ್ಟಿ ನೂರು ವರ್ಷ ಬಿಟ್ಟು ತೆರೆದರೂ ಬಿಸಿಯಾಗಿಯೇ ಇರುತ್ತಿತ್ತು. ಡಾ. ಮಂದಾರ ಕೆದಿಲಾಯ ರೂಪಿಸಿದ ‘ಕೊಳೆಗಣಕ’ ಆ ಸುಖವನ್ನು ಮುಗಿಸಿತು. ಪ್ರತಿ ತುತ್ತಿನಲ್ಲೂ ಕಣ್ಣಿಗೆ ಕಾಣದ ಜೀವಾಣುಗಳು ಹುಟ್ಟಿ, ತಿಂದು, ಹೆಚ್ಚುವುದನ್ನು ಅದು ಕ್ಷಣಕ್ಷಣಕ್ಕೂ ಗಣಿಸುತ್ತಿತ್ತು. ಕೂಡಿಟ್ಟದ್ದು ಉಳಿಯದಾದಾಗ ಆಟಗಾರರು ಕಸಿಯುವುದಕ್ಕೆ ಇಳಿದರು. ಆಟ ನಡೆಸುವ ಕಂಪನಿಗೆ ಬೇಕಾಗಿದ್ದುದೂ ಅದೇ. ಕಾದಾಟವಿದ್ದರೆ ನೋಡುವವರು ಹೆಚ್ಚು.

ದಾನವ್ವ ಹಟಗಾರ ಮಾತ್ರ ಒಡೆದ ಹಾಲನ್ನು ಚೆಲ್ಲಲಿಲ್ಲ.

ಬನಹಟ್ಟಿಯ ವಿದ್ಯುತ್ ಮಗ್ಗವೊಂದು ಅವಳ ಬಲಗೈ ನುಂಗಿ ನಾಲ್ಕು ವರ್ಷವಾಗಿತ್ತು. ಆಟದೊಳಗೆ ಅವಳಿಗೆ ಎರಡು ಕೈಗಳಿದ್ದವು. ಇಲ್ಲಿ ಹಸಿದು ಸತ್ತವರಿಗೆ ಮರುಪ್ರವೇಶವಿಲ್ಲ. ಸತ್ತರೆ ಆ ಕೈ ಇನ್ನೊಮ್ಮೆ ಹೋದಂತೆ. ಈ ಭಯವನ್ನು ಅವಳು ಯಾರೊಡನೆಯೂ ಆಡಿದವಳಲ್ಲ. ಒಡೆದ ಹಾಲಿನ ಏಳು ಮಡಕೆಗಳಲ್ಲಿ ಒಂದು ಹದವಾಗಿ ಹುಳಿಯಾಗಿತ್ತು. ಅದರಿಂದ ಒಂದು ಚಮಚ ತೆಗೆದು ಮರುದಿನದ ಹಾಲಿಗೆ ಹೆಪ್ಪು ಹಾಕಿದಳು. ಗಟ್ಟಿ ಮೊಸರು ಕೂತಿತು.

ಅವಳು ಸಾಕಿದ ಆಡಿನ ಹಾಲು ಬತ್ತಿದರೆ ಹೆಪ್ಪೂ ಸಾಯುತ್ತದೆ. ಅದಕ್ಕೇ ಕಂಡ ಕಂಡ ಮನೆಗೆಲ್ಲ ಚಮಚ ಚಮಚ ಹಂಚಿದಳು. ದೋಚಲು ಬಂದು ತನ್ನ ಉಗ್ರಾಣಕ್ಕೆ ಬೆಂಕಿಯಿಟ್ಟಿದ್ದ ಮಾಳಿಂಗನಿಗೂ.

ಹಿಮಗಾಲದ ನಲವತ್ತನೆಯ ಬೆಳಿಗ್ಗೆ ಡಾ. ಮಂದಾರ ಸ್ವತಃ ಆಟದೊಳಗಿಳಿದು ಅವಳ ಬಾಗಿಲಿಗೆ ಬಂದರು.

“ನೋಡಿ ದಾನವ್ವ, ಇದು ಕೊಳೆತ ಪದಾರ್ಥ. ತಿಂದವರ ಶಕ್ತಿ ಕುಗ್ಗಬೇಕಿತ್ತು, ಏರ್ತಾ ಇದೆ. ದರೋಡೆಯೇ ನಿಂತುಹೋಗಿದೆ. ಕಂಪನಿ ಇದನ್ನ ದೋಷ ಅಂತಿದೆ. ನೀವಾಗಿಯೇ ಚೆಲ್ಲಿಬಿಡಿ.”

“ಚೆಲ್ಲಂಗಿಲ್ರಿ. ಹಾಲಿನಾಗ ಹುಳಾ ಬಿಟ್ಟವರು ನೀವು. ನಾ ಸಾಕಿದ್ದ ತಪ್ಪೇನ್ರಿ?”

“ನಿಮ್ಮ ಖಾತೇನೇ ಅಳಿಸಬಹುದು, ಗೊತ್ತಲ್ಲ?”

ದಾನವ್ವ ತನ್ನ ಬಲಗೈ ನೋಡಿಕೊಂಡಳು. ಆಮೇಲೆ ಆ ಕೈಯಿಂದಲೇ ಮಡಕೆಯನ್ನು ಎದೆಗವಚಿಕೊಂಡಳು. “ಅಳಸ್ರಿ. ನನ್ನ ಕೈಯಾರೆ ಮಾತ್ರ ಚೆಲ್ಲಂಗಿಲ್ಲ.”

ಮಂದಾರ ಬೆರಳು ಆಡಿಸಿದರು. ಮಡಕೆ ಮಾಯವಾಯಿತು. ದಾನವ್ವನ ತೋಳುಗಳು ಬರಿಯ ಗಾಳಿಯನ್ನು ಅಪ್ಪಿಕೊಂಡಿದ್ದವು.

“ಖಾತೆ ಇರಲಿ. ಮೂಲವೇ ಹೋಯ್ತಲ್ಲ, ಅಷ್ಟು ಸಾಕು,” ಎಂದರು ಮಂದಾರ.

ದಾನವ್ವ ಹಿಮದೊಳಗೆ ನಡೆದಳು.

“ಎಲ್ಲಿಗೆ ಹೊರಟ್ರಿ?”

“ಉಗ್ರಾಣಕ್ಕ.”

ಮಂದಾರ ಹಿಂದೆಯೇ ಬಂದರು. ದಾನವ್ವ ನಿಂತದ್ದು ಮಾಳಿಂಗನ ಬಾಗಿಲಲ್ಲಿ. ಅವನು ಕೊಡಲಿ ಹಿಡಿದೇ ಕದ ತೆರೆದ.

“ಒಂದ ಚಮಚಾ ಹೆಪ್ಪ ಕೊಡೋ, ಮನಿಮುರುಕಾ.”

“ಯಕ್ಕಾ, ಉಗ್ರಾಣಾ ಸುಟ್ಟಾಗೂ ಹಿಂಗ ಬೈದಿರ್ಲಿಲ್ಲಲ್ಲ!” ಅವನು ನಗುತ್ತ ಒಳಹೋಗಿ ಮಡಕೆಯನ್ನೇ ಹೊತ್ತು ತಂದ.

ಮಂದಾರರ ಬೆರಳು ಮತ್ತೆ ಮೇಲೆದ್ದಿತು.

“ತಗೀರಿ ಮೇಡಂ, ತಗೀರಿ,” ಎಂದ ಮಾಳಿಂಗ. “ಆಚಿ ಮನಿಯಾಗ ಐತಿ. ಅದನ್ನೂ ತಗದ್ರ ಹೊಳಿ ದಾಟಿ ಐತಿ. ಎಷ್ಟ ಬಾಗಲಾ ಬಡೀತೀರಿ?”

ಮಂದಾರ ಮಣಿಕಟ್ಟಿನ ಫಲಕ ನೋಡಿದರು. ಕೊಳೆಗಣಕ ಎಲ್ಲವನ್ನೂ ಪ್ರಾಮಾಣಿಕವಾಗಿ ತೋರಿಸುತ್ತಿತ್ತು: ಅರವತ್ತು ಸಾವಿರ ಮಡಕೆಗಳು, ಎಲ್ಲವೂ ಜೀವಂತ. ಇದನ್ನು ಕೊಲ್ಲಬೇಕೆಂದರೆ ತಮ್ಮ ಗಣಕವನ್ನೇ ಕೊಲ್ಲಬೇಕು. ಕಸಿಯಲೆಂದು ಕಟ್ಟಿದ ಯಂತ್ರ ಕೊಡುವುದನ್ನು ಕಲಿಸಿಬಿಟ್ಟಿತ್ತು. ಅವರು ಹೊಸ್ತಿಲ ಹೊರಗೇ ನಿಂತರು. ಆಟದೊಳಗಿಳಿದ ಮೇಲೆ ಹಸಿವು ಅವರನ್ನೂ ಬಿಟ್ಟಿರಲಿಲ್ಲ; ಕಣ್ಣು ಮಾಳಿಂಗನ ಮಡಕೆಯ ಮೇಲೇ ಇತ್ತು.

ದಾನವ್ವ ಅದನ್ನು ಕಂಡಳು. ಒಳಹೋಗಿ ಎರಡು ಬಟ್ಟಲಿಗೆ ಮೊಸರು ಬಡಿಸಿದಳು.

“ಒಳಗ ಬರ್ರಿ. ಮೊದಲ ಉಣ್ರಿ,” ಎಂದಳು. “ಉಂಡ ಮ್ಯಾಲ ಅಳಸ್ರಿ.”